ಗಡಿ ದಾಟುವ ಕವರಿಗೆ ಸೂಜಿಯಕ್ಕನ ಹೊಲಿಗೆ

ದಬ್ಬಳ ಹಾಳೆಗಳ ಕಟ್ಟಿನ ನಡುವೆ ಸಿಕ್ಕಿಕೊಂಡಿದೆ. ಮುಂದೆ ಹೋಗದು, ಹಿಂದೆ ಬಾರದು. ಸೂಜಿಯಕ್ಕ ತುಟಿ ಕಚ್ಚಿ, ಸ್ಟೇಪ್ಲರನ್ನು ಮಗುಚಿ ಹಿಡಿದು ಅದರ ತಲೆಗೆ ಒಂದು ಕುಟ್ಟುತ್ತಾರೆ. ದಬ್ಬಳ ಆಚೆ ಬರುತ್ತದೆ, ಹಿಂದೆಯೇ ಬಿಳಿ ದಾರ.

"ಹಾಗೇ ನನ್ನ ಅಂಗಿ ಗುಂಡಿನೂ ಹಾಕ್ಬಿಡಕ್ಕ" ಎಂದು ಬಾಗಿಲಲ್ಲಿ ನಿಂತ ಕಾವಲುಗಾರ ಅನ್ನುತ್ತಾನೆ.

"ಅಂಗೀದು ಮೂರು ಪ್ರತಿ ತಗೊಂಡು ಬಾ. ಸೀಲ್ ಹಾಕಿಸ್ಕೊಂಡು."

ಇನ್ನೂ ಬೆಳಗಿನ ಆರೂವರೆ. ನ್ಯಾಯಾಲಯದ ನೆಲಮಹಡಿಯಲ್ಲಿರುವ ಈ ಜಾರಿ ವಿಭಾಗದ ಗುಮಾಸ್ತೆ ಇಷ್ಟು ಬೇಗ ಬರುವುದು ಕೆಲಸದ ಹುಚ್ಚಿನಿಂದಲ್ಲ. ಇಡೀ ಕಟ್ಟಡಕ್ಕೆ ಇರುವುದು ಒಂದೇ ದುಂಡು ಸೀಲು. ಹತ್ತು ಗಂಟೆಗೆ ಅದು ಮೇಲಿನ ಮಹಡಿಗೆ ಹೋದರೆ ಮತ್ತೆ ಸಂಜೆಯೇ ದರ್ಶನ. ಅಷ್ಟರೊಳಗೆ ಇವರು ನೂರ ತೊಂಬತ್ತೆರಡು ಹಾಳೆಗಳಿಗೆ ಒತ್ತಬೇಕು. ಎರಡನೇ ಸೀಲಿಗಾಗಿ ಹನ್ನೊಂದು ವರ್ಷಗಳಲ್ಲಿ ಒಂಬತ್ತು ಪತ್ರ ಬರೆದಿದ್ದಾರೆ. ಒಂಬತ್ತಕ್ಕೂ ಬಂದದ್ದು ಒಂದೇ ಉತ್ತರ: 'ಪರಿಶೀಲನೆಯಲ್ಲಿದೆ.'

ಪ್ರತಿವಾದಿ ಇದೇ ಊರಿನವನಾದರೆ ಅಮೀನರು ಬೈಕು ಹತ್ತಿ ಹೋಗಿ, ಬಾಗಿಲು ಬಡಿದು ಸಮನ್ಸು ಕೊಟ್ಟು ಬರುತ್ತಾರೆ. ಅವನು ವಿಮಾನ ಹತ್ತಿ ಹೋಗಿದ್ದರೆ ಕೆಲಸ ಸೂಜಿಯಕ್ಕನ ಮೇಜಿಗೆ ಬರುತ್ತದೆ. ಸಮನ್ಸು, ದೂರಿನ ಅರ್ಜಿ, ಎರಡಕ್ಕೂ ಆ ದೇಶದ ಭಾಷೆಯ ಅನುವಾದ. ಕಟ್ಟು ಮೊದಲು ರಾಜಧಾನಿಯ ಸಚಿವಾಲಯಕ್ಕೆ, ಅಲ್ಲಿಂದ ಆ ದೇಶದ ಕಚೇರಿಗೆ. ಅಲ್ಲಿನ ಅಧಿಕಾರಿ ಅವನ ಕೈಗೆ ಮುಟ್ಟಿಸಿ, ಮುಟ್ಟಿಸಿದ್ದೇನೆ ಎಂದು ಬರೆದುಕೊಡಬೇಕು. ಆ ಒಂದು ಹಾಳೆ ಬರುವ ತನಕ ಇಲ್ಲಿ ವಿಚಾರಣೆ ಕದಲುವುದಿಲ್ಲ.

ಇವತ್ತಿನ ಕಟ್ಟು ಔಷಧದಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ತಾಯಿಯದು. ಹತ್ತು ದಿನದ ಪ್ರವಾಸ ಎಂದು ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಹೋದ ಗಂಡ ಮತ್ತೆ ಬರಲಿಲ್ಲ. ಮಗಳಿಗೀಗ ಆರು ತುಂಬಿದೆ.

ಅವಳಿಗಾಗಿ ಕಳಿಸಿದ ಮೊದಲ ಕವರು ವಾಪಸು ಬಂತು. ಕಾರಣ, ಪಿನ್ನು. ಸಚಿವಾಲಯದಲ್ಲಿ ಯಾರೋ ಜೆರಾಕ್ಸಿಗೆಂದು ಪಿನ್ನು ಕಿತ್ತು ಮತ್ತೆ ಹೊಡೆದಿದ್ದರು. ಎರಡು ಜೊತೆ ತೂತು ಕಂಡ ಆ ದೇಶದ ಕಚೇರಿಯವರು, ಹಾಳೆ ಬದಲಾಗಿಲ್ಲ ಎನ್ನುವುದಕ್ಕೆ ಏನು ಖಾತ್ರಿ ಎಂದು ಕೇಳಿದರು. "ನನಗೆ ಮೈಯೆಲ್ಲಾ ಉರಿದು ಹೋಯ್ತು" ಎನ್ನುತ್ತಾರೆ ಸೂಜಿಯಕ್ಕ. "ಪಿನ್ ಕಿತ್ತವರು ಆರಾಮಾಗಿ ಮನೆಗೆ ಹೋದ್ರು. ಕೂಸಿನ ಏಳು ತಿಂಗಳು ಹೋಯ್ತಲ್ಲ, ಅದನ್ನ ಯಾರು ವಾಪಸ್ ಕೊಡ್ತಾರೆ?"

ಅಂದು ರಾತ್ರಿ ಟೈಲರ್ ಗಂಡನಿಂದ ಮೂರು ತೂತಿನ ಹೊಲಿಗೆ ಕಲಿತರು. ದಾರ ಕತ್ತರಿಸದೆ ಒಂದು ಹಾಳೆಯೂ ಹೊರಬಾರದು. ಗಂಟಿನ ಮೇಲೆ ಸೀಲು. ಸೂಜಿಯಕ್ಕ ಎಂಬ ಹೆಸರು ಬಂದದ್ದು ಹಾಗೆ. "ಇಪ್ಪತ್ತು ವರ್ಷ ನನ್ನ ಅಂಗಡೀಲಿ ಒಂದು ಕಾಜಾ ಹೊಲಿಯೋಕೆ ಬರ್ಲಿಲ್ಲ ಇವಳಿಗೆ" ಎಂದು ಗಂಡ ಈಗಲೂ ಛೇಡಿಸುತ್ತಾರೆ.

ಎರಡನೇ ಕವರಿನ ಹೊಲಿಗೆ ಗಟ್ಟಿಯಿತ್ತು. ಆದರೆ ಹಾಜರಾಗುವ ದಿನಾಂಕವನ್ನು ಮೇಲಿನವರು ಎರಡೇ ತಿಂಗಳಿಗೆ ಇಟ್ಟಿದ್ದರು. ಕವರು ತಲುಪಿದ್ದು ಐದನೇ ತಿಂಗಳಿಗೆ. ಕಳೆದುಹೋದ ದಿನಕ್ಕೆ ಯಾರನ್ನು ಕರೆಯುವುದು? ಅದೂ ವಾಪಸು. ದಿನಾಂಕ ಸಾಲದು ಎಂದು ಇವರು ಕಡತದಲ್ಲೇ ಬರೆದಿದ್ದರು. ಓದಿದವರಿಲ್ಲ, ನೋಟಿಸು ಮಾತ್ರ ಇವರಿಗೇ ಬಂತು, 'ಕರ್ತವ್ಯಲೋಪ'ವೆಂದು. ಇವತ್ತಿನದು ಮೂರನೆಯದು.

ಹತ್ತೂವರೆಗೆ ಆ ತಾಯಿ ಬರುತ್ತಾಳೆ. ಅವಳ ಹಿಂದೆಯೇ, ಇಸ್ತ್ರಿ ಅಂಗಿಯ ಮೈದುನ. ಓಡಿಹೋದವನ ತಮ್ಮ.

"ನಾನು ಭಾನುವಾರ ಅಲ್ಲಿಗೇ ಹೊರಟಿದ್ದೀನಿ ಮೇಡಂ. ಕವರ್ ನನ್ನ ಕೈಗೆ ಕೊಡಿ. ಅಣ್ಣನಿಗೆ ಕೊಟ್ಟು ಸಹಿ ಹಾಕಿಸ್ಕೊಂಡು ಬರ್ತೀನಿ. ವಾರದಲ್ಲಿ ಮುಗಿಯುತ್ತೆ."

ಒಳಗಿನ ಮೇಜಿನಿಂದ ಶಿರಸ್ತೇದಾರರು ತಲೆಯೆತ್ತುತ್ತಾರೆ. "ಕೊಟ್ಬಿಡಮ್ಮ. ಅವರಿಗೂ ಬೇಗ, ನಮಗೂ ಒಂದು ತಲೆನೋವು ಕಮ್ಮಿ."

ತಾಯಿ ಮೇಜಿನ ಅಂಚು ಹಿಡಿದು ನಿಂತಿದ್ದಾಳೆ. ಸಚಿವಾಲಯದ ದಾರಿಯ ಎಂಟು ತಿಂಗಳಿನ ಬದಲು ಒಂದು ವಾರ.

ಸೂಜಿಯಕ್ಕ ಅವಳನ್ನೇ ನೋಡಿ ಹೇಳುತ್ತಾರೆ: "ಹೀಗೇ ಒಂದ್ಸಲ ಕೊಟ್ಟಿದ್ದೆ ಕಣಮ್ಮ, ಇನ್ನೊಬ್ಬರ ಕೇಸಲ್ಲಿ. ಸಹಿನೂ ಬಂತು. ತೀರ್ಪೂ ಆಯ್ತು. ಆಮೇಲೆ ಆ ಪ್ರತಿವಾದಿ, ಇದು ನನ್ನ ಸಹೀನೇ ಅಲ್ಲ, ನನಗೇನೂ ಮುಟ್ಟೇ ಇಲ್ಲ ಅಂದ. ತೀರ್ಪು ಬಿದ್ಹೋಯ್ತು. ಆ ಹೆಂಗಸು ಈಗ್ಲೂ ಅಲೀತಿದ್ದಾಳೆ."

ತಾಯಿಯ ಕೈ ಮೇಜಿನಿಂದ ಮೆಲ್ಲಗೆ ಸರಿಯುತ್ತದೆ.

"ಅಯ್ಯೋ, ನನ್ನ ಮೇಲೆ ನಂಬಿಕೆ ಇಲ್ವಾ ಮೇಡಂ? ಮನೆಯವರೇ ಅಲ್ವಾ ನಾವು" ಎಂದು ನಗುತ್ತಾ ಮೈದುನ ಕೈ ಚಾಚುತ್ತಾನೆ.

ಸೂಜಿಯಕ್ಕ ಕಟ್ಟನ್ನು ಎಳೆದು ತಮ್ಮ ಮಡಿಲಿಗೆ ಇಟ್ಟುಕೊಳ್ಳುತ್ತಾರೆ.

"ಕೊಡಲ್ಲ."