ಎಣ್ಣೆಯಕ್ಕನ ಬದಲಿ ಯಂತ್ರ

"ನೀವೆಷ್ಟು ಕೆಜಿ?"

ಬೆಳಗಿನ ಐದೂವರೆ. ಕಲ್ಲುಕಟ್ಟೆಯ ಕೆಳಗೆ ದೋಣಿಯೊಳಗೆ ನಿಂತ ಹೆಂಗಸು ನಮಸ್ಕಾರಕ್ಕೂ ಮೊದಲು ಕೇಳುವ ಪ್ರಶ್ನೆ ಇದು. ಅವರ ಬಗ್ಗೆ ಲೇಖನ ಬರೆಯಲು ಬಂದ ನಾನು ಎರಡು ಕೆಜಿ ನುಂಗಿಕೊಂಡು ಅರವತ್ತೆರಡು ಎನ್ನುತ್ತೇನೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ದೋಣಿಯ ನಡುವೆ ಬಿಗಿದಿದ್ದ ಹೊಲಿಗೆ ಯಂತ್ರದ ಹಗ್ಗ ಬಿಚ್ಚತೊಡಗುತ್ತಾರೆ. ಕಬ್ಬಿಣದ ಸ್ಟ್ಯಾಂಡ್ ಸಮೇತ ಇರುವ, ಕಾಲಲ್ಲಿ ತುಳಿಯುವ ಹಳೇ ಯಂತ್ರ. "ಇದು ಇಳೀಬೇಕು, ಇಲ್ಲ ನೀವು ಇಳೀಬೇಕು. ಇಬ್ಬರನ್ನೂ ಹೊರೋ ದೋಣಿ ಅಲ್ಲ ಇದು." ಯಂತ್ರ ಇಳಿಯುತ್ತದೆ, ನಾನು ಹತ್ತುತ್ತೇನೆ.

ದ್ವೀಪದವರು ಅವರನ್ನು ಕರೆಯುವುದು ಎಣ್ಣೆಯಕ್ಕ ಎಂದು. ವಯಸ್ಸು ಐವತ್ತೆಂಟು. ಬಂಡೆಗಳೇ ತುಂಬಿದ ಈ ಕರಾವಳಿಯಾಚೆ ಏಳು ಪುಟ್ಟ ದ್ವೀಪಗಳಿವೆ, ಅವುಗಳಲ್ಲಿ ನಲವತ್ಮೂರು ಹೊಲಿಗೆ ಯಂತ್ರಗಳಿವೆ. ಅಷ್ಟಕ್ಕೂ ರಿಪೇರಿಯವರು ಇವರೊಬ್ಬರೇ. ಹತ್ತೊಂಬತ್ತು ವರ್ಷಗಳಿಂದ ವಾರಕ್ಕೆ ಮೂರು ದಿನ ಒಬ್ಬರೇ ದೋಣಿ ನಡೆಸಿಕೊಂಡು ಸುತ್ತುತ್ತಾರೆ. ಒಬ್ಬರೇ ಏಕೆ ಎಂದರೆ ಎಂಜಿನ್ ಪಕ್ಕದ ಹಲಗೆ ಅವರದ್ದು, ನಡುವಿನ ಜಾಗ ಬದಲಿ ಯಂತ್ರದ್ದು. ಅದರ ಭಾರವಿದ್ದರೆ ಗಾಳಿಗೆ ದೋಣಿ ಹೊಯ್ದಾಡುವುದಿಲ್ಲ. ಕೆಟ್ಟ ಯಂತ್ರವನ್ನು ದಡಕ್ಕೆ ತರಬೇಕಾದಾಗ ಈ ಬದಲಿಯನ್ನು ಆ ಮನೆಯಲ್ಲಿ ಬಿಟ್ಟೇ ಬರುವುದು ಅವರ ಪದ್ಧತಿ. ಹೊಲಿಗೆ ನಿಂತರೆ ಒಲೆ ನಿಲ್ಲುವ ಮನೆಗಳು ಅವು.

ಅವರ ಅಪ್ಪನಿಗೆ ಬಂದರಿನಲ್ಲಿ ರಿಪೇರಿ ಅಂಗಡಿಯಿತ್ತು. ಅಪ್ಪ ಹೋದ ಮೇಲೆ ಏನಾಯಿತು ಎಂದು ಕೇಳಿದರೆ, "ಅಂಗಡಿ ತಮ್ಮಂದಿರ ಪಾಲಿಗೆ ಬಂತು, ಗಾಳಿ ನನ್ನ ಪಾಲಿಗೆ" ಎಂದು ನಗುತ್ತಾರೆ. ಆ ನಗುವಿನಲ್ಲಿ ಕಹಿ ಹುಡುಕಿದೆ, ಸಿಗಲಿಲ್ಲ. ಮೊದಲ ವರ್ಷವೇ ದೋಣಿ ಎರಡು ಸಲ ಮಗುಚಿದೆ. ಒಂದು ಸಲ ಅಪ್ಪನ ಸಲಕರಣೆ ಪೆಟ್ಟಿಗೆ ಕಡಲು ಸೇರಿದೆ. "ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ನಮ್ಮಲ್ಲಿ ಗಾಳಿ ನಿಂತಾಗ ಓಡ್ಕೋ ಅಷ್ಟೇ."

ಮೊದಲ ದ್ವೀಪದಲ್ಲಿ ಒಂದೂ ಮರವಿಲ್ಲ. ತಗಡಿನ ಮಾಡುಗಳ ಮೇಲೆಲ್ಲ ಕಲ್ಲು ಹೇರಿದ್ದಾರೆ. ಎಣ್ಣೆಯಕ್ಕ ಬಾಗಿಲು ತಟ್ಟುವುದಿಲ್ಲ. ಮೊದಲು ಗೋಡೆಗೆ ಕಿವಿಯಿಟ್ಟು ಒಳಗಿನ ಟಕಟಕ ಕೇಳುತ್ತಾರೆ. "ಮತ್ತೆ ಅಡುಗೆ ಎಣ್ಣೆ ಹಾಕಿದಾಳೆ" ಎಂದು ನನ್ನ ಕಡೆ ತಿರುಗುತ್ತಾರೆ. ಒಳಗೆ ಮನೆಯಾಕೆ ಆಣೆ ಪ್ರಮಾಣ ಮಾಡುತ್ತಾಳೆ. ಅಕ್ಕ ಸೂಜಿಯ ಕಂಬಿಗೆ ಬೆರಳು ಸವರಿ ಮೂಸಿ ನೋಡಿ, "ಯಂತ್ರಕ್ಕೇನು ಒಗ್ಗರಣೆ ಕೊಡ್ತೀಯೇನೆ?" ಎಂದಾಗ ಆಣೆ ಅಲ್ಲಿಗೇ ಮುಗಿಯುತ್ತದೆ. ಉಪ್ಪುಗಾಳಿಗೆ ಯಂತ್ರ ತುಕ್ಕು ಹಿಡಿದು ಬಿಗಿಯುತ್ತದೆ, ಜನ ಕೈಗೆ ಸಿಕ್ಕ ಎಣ್ಣೆ ಸುರಿಯುತ್ತಾರೆ, ವಾರದಲ್ಲಿ ಅದು ಗೋಂದಾಗುತ್ತದೆ. ಅವರ ಅರ್ಧ ಕೆಲಸ ಈ ಗೋಂದು ಕೆರೆಯುವುದೇ.

ಏಳನೆಯ ದ್ವೀಪದಲ್ಲಿ ಇರುವುದು ಒಂದೇ ಯಂತ್ರ, ಹಾಯಿ ಹೊಲಿಯುವ ದರ್ಜಿಯದ್ದು. ಅಕ್ಕ ಗೋಡೆಗೆ ಕಿವಿಯಿಡುತ್ತಾರೆ. ಸದ್ದೇ ಇಲ್ಲ. ನೇರ ಒಳನುಗ್ಗುತ್ತಾರೆ.

ದರ್ಜಿ ಹರವಿದ ಹಾಯಿಬಟ್ಟೆಯ ನಡುವೆ ಸುಮ್ಮನೆ ಕುಳಿತಿದ್ದಾಳೆ. ಪೆಡಲನ್ನು ಚಕ್ರಕ್ಕೆ ಸೇರಿಸುವ ಕಬ್ಬಿಣದ ಕಡ್ಡಿ ತುಕ್ಕು ತಿಂದು ತುಂಡಾಗಿದೆ. "ಮೂರು ಹಾಯಿ ಬಾಕಿ ಅಕ್ಕಾ. ನಾಡಿದ್ದು ಬೆಳಗ್ಗೆ ದೋಣಿಗಳು ಹೊರಡ್ಬೇಕು. ಆಮೇಲೆ ಗಾಳಿ ಎದ್ರೆ ಎರಡು ತಿಂಗಳು ಕಡಲಿಗೆ ಇಳಿಯೋ ಹಾಗಿಲ್ಲ." ತುಕ್ಕಿಗೆ ಕಚ್ಚಿಕೊಂಡ ಕಡ್ಡಿ ಬಿಚ್ಚಿ ಬರುವುದಿಲ್ಲ, ಸ್ಟ್ಯಾಂಡ್ ಸಮೇತ ಒಯ್ದು ವೆಲ್ಡಿಂಗ್ ಮಾಡಿಸಬೇಕು, ಅದು ದಡದಲ್ಲೇ. ದರ್ಜಿ ಅಕ್ಕನ ಹೆಗಲಾಚೆ ದೋಣಿಯತ್ತ ನೋಡುತ್ತಾಳೆ. "ಬದಲಿ ಎಲ್ಲಿ?"

ಬದಲಿಯ ಜಾಗದಲ್ಲಿ ಕುಳಿತು ಬಂದವನು ನಾನು, ಅಕ್ಕನ ಬೆನ್ನ ಹಿಂದೆ ನಿಂತಿದ್ದೇನೆ. ಇಷ್ಟು ವರ್ಷ ಒಂದು ಮನೆಗೂ ತಪ್ಪದ ಮಾತು ನನ್ನ ಲೇಖನಕ್ಕಾಗಿ ತಪ್ಪುವುದರಲ್ಲಿದೆ. ನನಗೆ ನಾಚಿಕೆಯಾಗುತ್ತದೆ.

ಅಕ್ಕ ಚೀಲ ತಡಕಿ ಒಂದು ಕೈಹಿಡಿ ತೆಗೆಯುತ್ತಾರೆ. ಇದನ್ನು ಸಿಕ್ಕಿಸಿದರೆ ಸ್ಟ್ಯಾಂಡ್ ಇಲ್ಲದೆಯೂ ಯಂತ್ರದ ಚಕ್ರ ತಿರುಗಿಸಬಹುದು. ಆದರೆ ದಪ್ಪ ಹಾಯಿಬಟ್ಟೆ ಹಿಡಿದು ತಳ್ಳಲು ದರ್ಜಿಗೆ ಎರಡೂ ಕೈ ಬೇಕು. ಊರಲ್ಲಿ ಉಳಿದವರೆಲ್ಲ ದೋಣಿಗೆ ಡಾಂಬರು ಬಳಿಯುತ್ತಿದ್ದಾರೆ, ಬಲೆ ಕಟ್ಟುತ್ತಿದ್ದಾರೆ. ಅಕ್ಕ ನನ್ನತ್ತ ತಿರುಗುತ್ತಾರೆ. "ಸ್ಟ್ಯಾಂಡ್ ಹೋಗ್ಬೇಕಾದ್ರೆ ನಿಮ್ಮ ಜಾಗ ಬೇಕು. ನೀವಿಲ್ಲೇ ಇರಿ. ನೀವೇ ಬದಲಿ." ಹೊರಡುವ ಮುನ್ನ ದರ್ಜಿಗೆ ಹೇಳುತ್ತಾರೆ: "ಸ್ವಲ್ಪ ನಿಧಾನ ಓಡುತ್ತೆ. ಎಣ್ಣೆ ಬೇಡ, ಚಹಾ ಕೊಡ್ತಿರು."

ಮಾಡಿದ್ದುಣ್ಣೋ ಮಹಾರಾಯ! ಮೇಜಿನ ಮೇಲಿಟ್ಟ ಯಂತ್ರದ ಹಿಡಿ ತಿರುಗಿಸುತ್ತ ಕೂರುತ್ತೇನೆ. ಮೊದಲ ಮೂಲೆಯಲ್ಲಿ ನಿಲ್ಲಿಸುವುದು ತಿಳಿಯದೆ ಸೂಜಿ ಮುರಿಯುತ್ತೇನೆ. ಹಿಡಿ ಬಿಗಿ ಇದೆ ಎಂದರೆ ದರ್ಜಿ ತಲೆಯೆತ್ತದೆ, "ಕುಣಿಯೋಕೆ ಬರದವರು ನೆಲ ಡೊಂಕು ಅಂದ್ರಂತೆ" ಎನ್ನುತ್ತಾಳೆ. ಸಂಜೆಯ ಹೊತ್ತಿಗೆ ಅವಳ ಉಸಿರು ನೋಡಿ ನಿಲ್ಲಿಸುವುದು, ಹೊರಡುವುದು ಕಲಿಯುತ್ತೇನೆ. ಆಗ ಅವಳು ತಾನಾಗಿ ಹೇಳುತ್ತಾಳೆ: "ನನ್ನ ಗಂಡ ಬಂಡೆಯಿಂದ ಬಿದ್ದು ಮಲಗಿದ ವರ್ಷಾನೇ ನಮ್ಮ ಯಂತ್ರಾನೂ ಕೈಕೊಡ್ತು. ಅಕ್ಕನ ಬದಲಿ ಎರಡು ತಿಂಗಳು ಇಲ್ಲೇ ಇತ್ತು. ಆ ಎರಡು ತಿಂಗಳು ಉಂಡಿದ್ದು ಅದರಿಂದ್ಲೇ."

ಮರುದಿನ ಮಧ್ಯಾಹ್ನ ಎಣ್ಣೆಯಕ್ಕ ಮರಳುವಾಗ ಎರಡು ಹಾಯಿ ಮುಗಿದಿವೆ, ನನ್ನ ಅಂಗೈಯಲ್ಲಿ ಮೂರು ಬೊಕ್ಕೆ ಎದ್ದಿವೆ. ಅವರ ಕಣ್ಣುಗಳು ಕೆಂಪಾಗಿವೆ, ನಿದ್ದೆ ಮಾಡಿದಂತಿಲ್ಲ. ಸ್ಟ್ಯಾಂಡ್ ಜೋಡಿಸುತ್ತಾರೆ. ದರ್ಜಿ ಪೆಡಲ್ ತುಳಿಯುತ್ತಾಳೆ. ಅಕ್ಕ ಹೊರಗೆ ಹೋಗಿ ಗೋಡೆಗೆ ಕಿವಿಯಿಟ್ಟು ನಿಂತು, ಒಳಬಂದು ನಾನು ತಿರುಗಿಸಿದ ಹೊಲಿಗೆಯ ಮೇಲೆ ಹೆಬ್ಬೆರಳು ಎಳೆಯುತ್ತಾರೆ. "ಇಲ್ಲಿ ಸ್ವಲ್ಪ ಸೊಟ್ಟ. ಆದರೂ ಗಾಳಿ ತಡ್ಕೊಳ್ಳುತ್ತೆ." ನನ್ನ ಯಾವ ಬರಹಕ್ಕೂ ಇಂಥ ಪ್ರಶಸ್ತಿ ಸಿಕ್ಕಿಲ್ಲ.

ಮೂರನೆಯ ಹಾಯಿಯೂ ಮುಗಿದ ಮೇಲೆ ಹೊರಡುತ್ತೇವೆ. ದೋಣಿಯಲ್ಲಿ ಅಕ್ಕನನ್ನು, ನಿಮ್ಮ ಆಸೆಯೇನು ಎಂದು ಕೇಳುತ್ತೇನೆ. ದೊಡ್ಡ ದೋಣಿ ಎನ್ನಬಹುದೆಂದು ನನ್ನ ಊಹೆ.

"ಯಂತ್ರಕ್ಕೆ ಅಡುಗೆ ಎಣ್ಣೆ ಹಾಕ್ಬೇಡಿ ಅಂತ ದಪ್ಪ ಅಕ್ಷರದಲ್ಲಿ ಹಾಕ್ಸಿ."

ಅಷ್ಟೇನಾ?

ಅವರು ಎಂಜಿನ್ ಸದ್ದು ತಗ್ಗಿಸಿ ಹಿಂದೆ ತಿರುಗಿ ದ್ವೀಪದತ್ತ ನೋಡುತ್ತಾರೆ. "ನಿನ್ನೆ ದಾರಿಯುದ್ದಕ್ಕೂ ಹೀಗೇ ತಿರುಗಿ ತಿರುಗಿ ನೋಡ್ತಾ ಹೋದೆ. ನೀವು ಕೈಬಿಟ್ಟು ಕೂತ್ರೆ ಏನು ಗತಿ ಅಂತ. ಹತ್ತೊಂಬತ್ತು ವರ್ಷದಲ್ಲಿ ಬದಲಿ ಬಿಡದೆ ಒಂದು ಮನೆಯಿಂದ್ಲೂ ಬಂದಿಲ್ಲ ನಾನು. ಈ ಸಲಾನೂ ಬಂದಿಲ್ಲ. ಅಷ್ಟು ಬರೀರಿ, ಸಾಕು."