ಕೆಳಸ್ವರದ ಹುಚ್ಚರಾಯಪ್ಪ

ಶಿಕಾರಿಪುರ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಹುಚ್ಚರಾಯಪ್ಪನವರು ಮಾತ್ರ ಆಗಲೇ ಜಗಲಿಯ ಮೇಲೆ ಸ್ಟೂಲು ಹಾಕಿಕೊಂಡು, ಎದೆಮಟ್ಟದ ಚೆಲ್ಲೋವನ್ನು ಮೊಣಕಾಲುಗಳ ನಡುವೆ ಅವುಚಿಕೊಂಡು ಕೂತಿದ್ದಾರೆ. ಪಿಟೀಲಿನ ಹಿರಿಯಣ್ಣನಂಥ ವಾದ್ಯ. ದನಿ ಬಾವಿಯೊಳಗಿಂದ ಬಂದಂತೆ. ಕಮಾನು ಎಳೆಯುತ್ತಾರೆ, ಎಳೆಯುತ್ತಾರೆ, ಥಟ್ಟನೆ ನಿಲ್ಲಿಸುತ್ತಾರೆ. ಕಣ್ಣು ಮುಚ್ಚಿ, ತುಟಿಯಲ್ಲೇ ತಾಳ ಎಣಿಸುತ್ತಾ ಕಾಯುತ್ತಾರೆ. ಆಮೇಲೆ ಮತ್ತೆ ಶುರು.

"ಮರ್ತು ಹೋತೇನ್ರೀ ಮೇಷ್ಟ್ರ?" ಅಂಗಳ ಸಾರಿಸುತ್ತಾ ಪಕ್ಕದ ಮನೆಯ ಹಾಲಮ್ಮ ಕೇಳುತ್ತಾರೆ.

"ಮರ್ತಿಲ್ಲವ್ವ. ಈಗ ಪಿಟೀಲಿನೋರ ಪಾಳಿ."

"ಎಲ್ಲದಾರ ಅವ್ರು?"

"ಇಲ್ಲ. ಅದಕ್ಕ ಕಾಯಾಕತ್ತೀನಿ."

ಹುಡುಗರಾಗಿದ್ದಾಗ ಸೋದರಮಾವನ ಹಿಂದೆ ಮೈಸೂರಿಗೆ ಹೋದವರು. ಅಲ್ಲಿ ಪಾಶ್ಚಾತ್ಯ ವಾದ್ಯವೃಂದವೊಂದರ ಮುಖ್ಯಸ್ಥರು ಇವರ ಉದ್ದನೆಯ ಕೈ ನೋಡಿ, ಯಾರಿಗೂ ಬೇಡವಾಗಿದ್ದ ಚೆಲ್ಲೋವನ್ನು ತಗುಲಿಹಾಕಿದರು. ಹರೆಯವೆಲ್ಲ ಹಿಂದಿನ ಸಾಲಿನಲ್ಲೇ ಕಳೆಯಿತು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ವೃಂದ ಮುಚ್ಚಿತು. ವಾದ್ಯವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಊರಿಗೆ ಬಂದ ಮೇಲೆ ಗೊತ್ತಾಯಿತು: ಕೈಗೆ ಹತ್ತಿರುವುದೆಲ್ಲ ಕೆಳಗಿನ ಸ್ವರ. ಮೇಲಿನ ಸ್ವರ ನುಡಿಸುತ್ತಿದ್ದವರು ಎಲ್ಲೆಲ್ಲಿಗೋ ಚದುರಿಹೋಗಿದ್ದರು. ಹೆಂಡತಿ ತೀರಿಕೊಂಡ ಮೇಲಂತೂ ಮನೆಯಲ್ಲಿ ದನಿ ಎಂದರೆ ಈ ವಾದ್ಯದ್ದೊಂದೇ.

ನೆಟ್ಟಗೆ ಹೇಳುವುದಾದರೆ, ಊರಿಗೆ ಇವರಿಂದ ದೊಡ್ಡ ಉಪಯೋಗವೇನಿಲ್ಲ. ಅಳುವ ವಾದ್ಯವೆಂದು ಮದುವೆಗೆ ಕರೆಯುವುದಿಲ್ಲ. ಹರಿಕಥೆಯವರ ಹಿಂದೆ ಶ್ರುತಿ ಹಿಡಿಯುತ್ತಾರೆ. "ನಾಟಕದೋರು ಕರೀತಾರ್ರೀ, ಯಾರರ ಸಾಯೋ ಸೀನ್ ಇದ್ರ. ಹೆಣ ಎದ್ದು ಹೋದ ಮ್ಯಾಲೆ ನನ್ನೂ ಎಬ್ಬಸ್ತಾರ" ಎಂದು ನಗುತ್ತಾರೆ. ಹೊಟ್ಟೆಪಾಡಿಗೆ ಮಕ್ಕಳಿಗೆ ಪಿಟೀಲು ಪಾಠ. ಎರಡು ಭಜನೆ ಬಂದರೆ ಸಾಕು, ಮಕ್ಕಳು ನಾಪತ್ತೆ.

ಒಬ್ಬಳು ಉಳಿದಳು, ಸೊರಬದ ಅಡಿಕೆ ವ್ಯಾಪಾರಿಯ ಮಗಳು ನೀಲಾಂಬಿಕ. ನೆನಪಿನಲ್ಲಿದ್ದ ಮೇಲಿನ ಸ್ವರವನ್ನೆಲ್ಲ ಬಾಯಲ್ಲಿ ಹಾಡಿ ಹಾಡಿ ಅವಳ ಕೈಗೆ ಇಳಿಸಿದ್ದಾರೆ. ಜಗಲಿಯಲ್ಲಿ ದಿನಾ ಅರ್ಧಂಬರ್ಧ ನುಡಿಸುವ ಆ ಕೃತಿಯನ್ನು ಒಂದೇ ಒಂದು ಸಲ ಮೊದಲಿಂದ ಕೊನೆಯವರೆಗೆ ಇಬ್ಬರೂ ಕೂಡಿ ನುಡಿಸಬೇಕು ಎಂಬುದು ಅವರ ಆಸೆ. ಈಗ ಹುಡುಗಿಗೆ ಹಾವೇರಿಯ ಗಂಡು ಗೊತ್ತಾಗಿದೆ. ಇವತ್ತೇ ಕೊನೆಯ ಪಾಠ; ಅದಕ್ಕೇ ಚೆಲ್ಲೋ ಹೊತ್ತು ಸೊರಬಕ್ಕೆ ಹೊರಟಿದ್ದಾರೆ.

ಕ್ಯಾಸನೂರಿನ ಕಾಡಿನ ಕಡೆ ಮಂಗನ ಜ್ವರ ಎದ್ದಾಗಿನಿಂದ ಸೊರಬದ ಬಸ್ಸು ಅರ್ಧ ಖಾಲಿ. ಆದರೂ ಕಂಡಕ್ಟರ್ ಉಚ್ಚಂಗಪ್ಪ ಬಿಡುವುದಿಲ್ಲ.

"ಅದನ್ನ ಟಾಪಿಗೆ ಹಾಕ್ರೀ."

"ಹಂಗಾರ ನಾನೂ ಟಾಪಿಗೇ ಹತ್ತೀನಿ."

"ಬ್ಯಾಡ ಮಾರಾಯ್ರೆ, ಗಂಡ ಹೆಂಡ್ತಿ ಇಬ್ರೂ ಒಳಗೇ ಕೂರ್ರಿ!"

ಬಸ್ಸೆಲ್ಲ ನಗುತ್ತದೆ. ಶಿರಾಳಕೊಪ್ಪ ದಾಟಿದರೂ ಹುಚ್ಚರಾಯಪ್ಪನವರ ಎಡಗೈ ಬೆರಳುಗಳು ಕಂಬಳಿಯ ಮೇಲೇ ಸ್ವರ ಹುಡುಕುತ್ತಿವೆ.

ಸೊರಬದ ಮನೆಯ ಬಾಗಿಲಲ್ಲೇ ಹುಡುಗಿಯ ತಾಯಿ ರಾಜೇಶ್ವರಮ್ಮ ಎಚ್ಚರಿಸುತ್ತಾರೆ: "ಬೇಗ ಮುಗ್ಸಿ ಮೇಷ್ಟ್ರೇ. ಬೀಗರು ಸೀರೆ ತಗಂಡು ಬರ್ತಾ ಇದಾರೆ."

ಇಬ್ಬರೂ ಶುರುಮಾಡುತ್ತಾರೆ. ಅರ್ಧ ದಾರಿಯಲ್ಲಿ ಚೆಲ್ಲೋದ ಪಾಳಿ ನಿಲ್ಲುತ್ತದೆ. ಇಷ್ಟು ವರ್ಷ ಜಗಲಿಯಲ್ಲಿ ಬರೀ ಮೌನವಿದ್ದ ಜಾಗದಲ್ಲಿ ಇವತ್ತು ಪಿಟೀಲು ಏಳುತ್ತದೆ. ಹುಚ್ಚರಾಯಪ್ಪ ಕಮಾನನ್ನು ತೊಡೆಯ ಮೇಲಿಟ್ಟುಕೊಂಡು ಕೇಳುತ್ತಾರೆ. ಕೇಳುತ್ತಲೇ ಇದ್ದಾರೆ.

"ಅಯ್ಯೋ ಮೇಷ್ಟ್ರೇ, ನಿಮ್ಮ ಪಾಳಿ ಬಂದು ಹೋಯ್ತಲ್ಲ!" ಹುಡುಗಿ ಕೈ ನಿಲ್ಲಿಸುತ್ತಾಳೆ.

ಎಣಿಸುವುದನ್ನೇ ಮರೆತಿದ್ದಾರೆ. ಒಬ್ಬರೇ ಕೂತಾಗ ಒಂದು ದಿನವೂ ತಪ್ಪದ ಎಣಿಕೆ, ಜೊತೆ ಸಿಕ್ಕ ದಿನವೇ ತಪ್ಪಿದೆ. "ಇನ್ನೊಂದ್ಸಲ ತಂಗಿ, ಇನ್ನೊಂದೇ ಸಲ" ಎಂದು ಕಮಾನು ಎತ್ತುವಷ್ಟರಲ್ಲಿ ಹೊರಗೆ ಬೀಗರ ಗಾಡಿ ನಿಲ್ಲುತ್ತದೆ. ರಾಜೇಶ್ವರಮ್ಮ ಮಗಳ ಕೈಯಿಂದ ಪಿಟೀಲು ಇಸಿದುಕೊಂಡು ಒಳಗಿಡುತ್ತಾರೆ. ಹಿತ್ತಿಲ ಬಾಗಿಲಿಂದ ಹೊರಟ ಮೇಷ್ಟ್ರ ಹಿಂದೆ ಓಡಿಬಂದ ಹುಡುಗಿ ಅವರ ಕಿವಿಯಲ್ಲಿ ಏನೋ ಹೇಳಿ ಓಡುತ್ತಾಳೆ.

ವಾಪಸು ಬಸ್ಸಿನಲ್ಲಿ ಉಚ್ಚಂಗಪ್ಪ ಪಕ್ಕಕ್ಕೆ ಬಂದು ಕೂರುತ್ತಾನೆ. ತವರಿಗೆ ಬರುವಾಗ ಪಿಟೀಲು ತರುತ್ತೇನೆ ಎಂದು ಕಿವಿಯಲ್ಲಿ ಹೇಳಿದ್ದಾಳಂತೆ ಹುಡುಗಿ.

"ಹಾವೇರಿ ಸೇರಿದೋಳು ಪಿಟೀಲು ಹೊತ್ಕಂಡು ಬರ್ತಾಳಂತ ನಂಬೀರಾ ಮೇಷ್ಟ್ರೇ?"

ಹುಚ್ಚರಾಯಪ್ಪ ಜಾರುತ್ತಿದ್ದ ಕಂಬಳಿಯನ್ನು ವಾದ್ಯಕ್ಕೆ ಸರಿಯಾಗಿ ಹೊದಿಸುತ್ತಾರೆ.

"ತರ್ತಾಳ. ನಂದೇ ಚಿಂತಿ ನಂಗ. ಸುಮ್ಮನೆ ಎಣಿಸಾದು ಬರ್ತೈತಿ. ಕೇಳ್ಕೋತ ಎಣಿಸಾದು, ಅಷ್ಟ್ರಾಗ ಕಲೀಬೇಕು."