ಅರ್ಧಕ್ಕೆ ನಿಂತ ಮುಳ್ಳು

ರಾಜಾಜಿನಗರದ ಮನೆಯಿಂದ ನಾವು ಹೊರಟಾಗ ಇನ್ನೂ ಬಿಸಿಲು ಬಲಿತಿರಲಿಲ್ಲ. ಕೆಂಗೇರಿಯ ಆಚೆ ನಮ್ಮ ಹೊಲದಲ್ಲಿ ಅಪ್ಪನ ಸಮಾಧಿ. ಅವರು ಹೋಗಿ ವರ್ಷ ತುಂಬಿತ್ತು. ಪೂಜೆಗೆಂದು ಅಮ್ಮ ಅಂಗಳದ ಮಲ್ಲಿಗೆ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. ಬಸ್ಸಿನಲ್ಲಾದರೆ ಇಬ್ಬರಿಗೂ ಸೇರಿ ಚಿಲ್ಲರೆ ಕಾಸಿನಲ್ಲಿ ಮುಗಿಯುತ್ತಿತ್ತು. ಆದರೆ ಅಮ್ಮನಿಗೆ ಅಪ್ಪನ ಕಾರಿನಲ್ಲೇ ಹೋಗಬೇಕು. ಅದು ಬೆನ್ನು ಗೂನಾದ ಹಳೆಯ ಇಂಗ್ಲಿಷ್ ಕಾರು. ವರ್ಷವಿಡೀ ಶೆಡ್ಡಿನಲ್ಲೇ ಇತ್ತು. ಆಗೀಗ ಸ್ಟಾರ್ಟ್ ಮಾಡಿ ಇಡುತ್ತಿದ್ದೆ, ಅಷ್ಟೆ. ಓಡಿಸಲು ಕಲಿಸಿದ ಅಪ್ಪ ಪೆಟ್ರೋಲಿನ ಉಸಾಬರಿಯನ್ನು ಮಾತ್ರ ನನಗೆ ಬಿಟ್ಟುಕೊಟ್ಟಿರಲಿಲ್ಲ.

ವಿಜಯನಗರದಲ್ಲಿ ತಿಂಡಿಗೆ ನಿಲ್ಲಿಸಿದೆವು. ಹೋಟೆಲಿನ ಮುಂದಿದ್ದವರೆಲ್ಲ ಹೆಂಗಸು ಕಾರು ನಿಲ್ಲಿಸುವುದನ್ನು ಸರ್ಕಸ್ಸಿನಂತೆ ನೋಡಿದರು. ನಾನೂ ಹಠಕ್ಕೆ ಬಿದ್ದು ಇನ್ನೊಮ್ಮೆ ರಿವರ್ಸ್ ತೆಗೆದು ನೆಟ್ಟಗೆ ನಿಲ್ಲಿಸಿದೆ. ಇಡ್ಲಿ ಬಿಸಿಯಾಗಿತ್ತು, ಚಟ್ನಿ ನೀರು. ಪೂಜೆಯಾಗುವವರೆಗೆ ಅಮ್ಮನಿಗೆ ಬರೀ ಕಾಫಿ.

"ಪೆಟ್ರೋಲ್ ಹಾಕಿಸೋಣ್ವೇನಮ್ಮ?" ಎಂದೆ, ಮತ್ತೆ ಕಾರು ಸ್ಟಾರ್ಟ್ ಮಾಡುತ್ತಾ.

ಅಮ್ಮ ಡ್ಯಾಶ್‌ಬೋರ್ಡಿನ ಮೀಟರ್ ನೋಡಿದಳು. "ಅರ್ಧ ಇದೆಯಲ್ಲೇ. ನಿಮ್ಮಪ್ಪ ಯಾವತ್ತೂ ಅರ್ಧಕ್ಕಿಂತ ಕಮ್ಮಿ ಆಗೋಕ್ ಬಿಡ್ತಿರ್ಲಿಲ್ಲ."

ಆ ಮುಳ್ಳಿನ ಮೇಲೆ ಅಮ್ಮನ ಕಣ್ಣು ಏಕೆಂದು ನನಗೆ ಗೊತ್ತು. ನನ್ನ ತಮ್ಮನಿಗೆ ಮೂರು ವರ್ಷವಿದ್ದಾಗ ಜ್ವರ ನೆತ್ತಿಗೇರಿ ಆಸ್ಪತ್ರೆಗೆ ಹೊರಟಿದ್ದೆವು. ದಾರಿಯಲ್ಲಿ ಪೆಟ್ರೋಲ್ ಮುಗಿಯಿತು. ಮಗು ಅಮ್ಮನ ಮಡಿಲಲ್ಲೇ ಹೋಯಿತು. ಆಮೇಲೆ ಮುಳ್ಳು ತುಸು ಇಳಿದರೂ ಅಮ್ಮ ಕಾರಿನ ಬಾಗಿಲು ಹಿಡಿದು ಬೆವರುತ್ತಿದ್ದಳು. ಕೆಲವು ತಿಂಗಳ ನಂತರ ಅದು ಅರ್ಧಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಅಪ್ಪ ಆಗಾಗ ಅರ್ಧದವರೆಗೆ ಪೆಟ್ರೋಲ್ ಹಾಕಿಸುತ್ತಲೇ ಇರುತ್ತಾರೆ ಎಂದುಕೊಂಡೆವು. ಅಮ್ಮ ಮತ್ತೆ ಕಾರಿನಲ್ಲಿ ಮಾತಾಡತೊಡಗಿದಳು.

ಮೈಸೂರು ರಸ್ತೆಯ ಮರಗಳ ನೆರಳಿನಲ್ಲಿ, ಕೆಂಗೇರಿ ಇನ್ನೊಂದು ಮೈಲಿ ಇರುವಾಗ, ಎಂಜಿನ್ ಕೆಮ್ಮಿ ನಿಂತಿತು. ಗಾಳಿಯಲ್ಲಿ ವೃಷಭಾವತಿಯ ನಾತ. ಸೈಕಲ್ಲಿನವರೊಬ್ಬರ ಕೈಲಿ ಹೇಳಿ ಕಳಿಸಿದ ಮೇಲೆ ಕೆಂಗೇರಿಯ ಗ್ಯಾರೇಜಿನ ಇಬ್ರಾಹಿಂ ಬಂದರು. ಕಾರ್ಬೊರೇಟರ್ ಊದಿದರು, ಪ್ಲಗ್ ಬಿಚ್ಚಿ ಉಜ್ಜಿದರು. ಕೊನೆಗೆ ಟ್ಯಾಂಕು ತಟ್ಟಿದರೆ ಖಾಲಿ ಡಬ್ಬದ ಸದ್ದು.

"ಏನ್ ಮೇಡಂ, ಪೆಟ್ರೋಲ್ ಇಲ್ದೆ ನನ್ ಕೈಲಿ ಪ್ಲಗ್ ಬಿಚ್ಚಿಸಿದ್ರಲ್ಲ!"

"ಮೀಟರ್ ಅರ್ಧ ತೋರಿಸ್ತಿದೆಯಲ್ಲ ಅಣ್ಣ."

ಅವರು ಟ್ಯಾಂಕಿನ ವೈರು ಕಿತ್ತರು. ಮುಳ್ಳು ಅಲ್ಲಾಡಲಿಲ್ಲ. ಅದನ್ನು ಕಾರಿನ ತಗಡಿಗೆ ಮುಟ್ಟಿಸಿದರು; ಆಗಲೂ ಇಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ನನ್ನನ್ನು ಕರೆದರು.

"ಇಲ್ನೋಡಿ. ಮೀಟರಿಗೆ ಟ್ಯಾಂಕಿನ ವೈರೇ ಕೊಟ್ಟಿಲ್ಲ. ಈ ಚಿಕ್ಕ ರೆಸಿಸ್ಟರ್ ಹಾಕಿದಾರೆ. ಟ್ಯಾಂಕಲ್ಲಿ ಎಷ್ಟಿದ್ರೂ ಅರ್ಧಾನೇ ತೋರ್ಸುತ್ತೆ. ಬೇಕೂಂತ್ಲೇ ಮಾಡಿರೋ ಕೆಲ್ಸ."

ಸುತ್ತಿದ್ದ ಕಪ್ಪು ಟೇಪಿನ ತುದಿಯನ್ನು ಒಳಗೆ ಮಡಿಚಲಾಗಿತ್ತು. ಮುಂದೆ ಬಿಚ್ಚುವವರಿಗೆ ಸುಲಭವಾಗಲೆಂದು ಹಾಗೆ ಮಡಿಚುವುದು ಅಪ್ಪನ ಅಭ್ಯಾಸ. ನಮ್ಮ ಇಸ್ತ್ರಿ ಪೆಟ್ಟಿಗೆಯ ವೈರಿನಲ್ಲೂ ಹಾಗೆಯೇ ಇದೆ.

"ಮತ್ತೆ ಪೆಟ್ರೋಲ್ ಎಷ್ಟಿದೆ ಅಂತ ಅವ್ರಿಗೆ ಹೇಗೆ ಗೊತ್ತಾಗ್ತಿತ್ತು?" ಅಮ್ಮ ಕೇಳಿದಳು.

"ಕಡ್ಡಿ ಇಳಿಸಿ ನೋಡ್ತಿದ್ರೇನೋ ಅಮ್ಮಾವ್ರೇ. ಗೆರೆ ಹಾಕಿರೋ ಕಡ್ಡಿ ಡಿಕ್ಕೀಲಿ ಇರ್ಬೇಕಲ್ಲ?"

ಇರಲಿಲ್ಲ. ಹೋದ ತಿಂಗಳು ಕಾರು ತೊಳೆಯುವಾಗ ಸಿಕ್ಕಿದ, ಗೆರೆ ಕೊರೆದ ಬಿದಿರು ಕಡ್ಡಿಯನ್ನು ಅಮ್ಮನೇ ಮಲ್ಲಿಗೆ ಬಳ್ಳಿಗೆ ಆಸರೆಯಾಗಿ ನೆಟ್ಟಿದ್ದಳು.

ಅಮ್ಮ ಹೂವಿನ ಗಂಟನ್ನು ಎದೆಗೊತ್ತಿಕೊಂಡು ಅತ್ತಳು. ಅಪ್ಪ ಹೋದ ದಿನವೂ ಹಾಗೆ ಅತ್ತಿರಲಿಲ್ಲ. "ನನ್ ಭಯ ಹೋಯ್ತು ಅಂದ್ಕೊಂಡಿದ್ದೆ ಕಣೇ. ಅವ್ರು ಅದನ್ನ ತಾವೊಬ್ರೇ ಇಟ್ಕೊಂಡ್ರು." ನನಗೂ ದುಃಖ ತಡೆಯಲಾಗಲಿಲ್ಲ. ಇಬ್ರಾಹಿಂ ಡಬ್ಬ ಹಿಡಿದು ಪೆಟ್ರೋಲ್ ತರಲು ಹೋದರು.

ಬಂದು ಪೆಟ್ರೋಲ್ ಸುರಿದ ಮೇಲೆ, "ಮೀಟರ್ ಹಾಗೇ ಬಿಡ್ಲಾ?" ಎಂದು ನನ್ನನ್ನು ಕೇಳಿದರು.

"ಬೇಡಪ್ಪ, ಟ್ಯಾಂಕಿಗೇ ಸೇರ್ಸು," ಎಂದಳು ಅಮ್ಮ. "ಇರೋದನ್ನ ಇದ್ದ ಹಾಗೆ ತೋರಿಸ್ಲಿ."

ವೈರು ಸೇರಿದಾಗ ಮುಳ್ಳು ಸರ್ರನೆ ಇಳಿದು ಸೊನ್ನೆಯ ತುಸು ಮೇಲೆ ನಿಂತಿತು. ನಾವು ಹೊಲ ತಲುಪುವಷ್ಟರಲ್ಲಿ ಮಲ್ಲಿಗೆ ಕಂದಿತ್ತು. ಅದನ್ನೇ ವಿಭೂತಿ, ಪತ್ರೆಯ ಜೊತೆ ಏರಿಸಿದೆವು. ಅಮ್ಮ ಸಮಾಧಿಯ ಮಣ್ಣು ಸವರುತ್ತಾ ಬಹಳ ಹೊತ್ತು ಕೂತಿದ್ದಳು. ಹೊಂಗೆ ಮರದಡಿ ಬುತ್ತಿಯ ಮೊಸರನ್ನ ಉಂಡು ಹಿಂದಿರುಗಿದೆವು.

ದಾರಿಯುದ್ದಕ್ಕೂ ಅಮ್ಮ ಬಾಗಿಲು ಹಿಡಿದು ಮುಳ್ಳನ್ನೇ ನೋಡುತ್ತಿದ್ದಳು. ಹಣೆ ಬೆವರಿತ್ತು. "ಇಳೀತಾ ಇದೆ," ಎಂದಳು. ಹಣೆ ಒರೆಸಿಕೊಂಡು, "ಇಳೀಲಿ. ನೀನು ಓಡ್ಸು."

ಮನೆ ಮುಟ್ಟಿದಾಗ ಸಂಜೆ. ಅಮ್ಮ ಒಳಗೆ ಹೋಗಲಿಲ್ಲ. ಬಳ್ಳಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದರಲ್ಲಿ ಕಡ್ಡಿ ಕಿತ್ತಳು. ನೀರಿನಲ್ಲಿ ತೊಳೆದು, ಸೆರಗಿನಿಂದ ಒರೆಸಿ, ಟ್ಯಾಂಕಿಗೆ ಇಳಿಸಿದಳು. ಹೊರತೆಗೆದಾಗ ತುದಿ ಮಾತ್ರ ಒದ್ದೆಯಾಗಿತ್ತು.

ಅದನ್ನು ನನಗೆ ತೋರಿಸಿ, "ನಾಳೆ ಬೆಳಿಗ್ಗೆಯಿಂದ ಇದು ನನ್ ಕೆಲ್ಸ," ಎಂದಳು.